ನಲವತ್ತೊಂದು ಹೆಸರಿನ ಪೆಟ್ಟಿಗೆ

ನೀಲಗಂಗಾ ತನ್ನ ಲ್ಯಾಪ್‌ಟಾಪನ್ನು ಹಳೇ ಟವೆಲಿನಲ್ಲಿ ಸುತ್ತಿಕೊಂಡು ನನ್ನ ರಿಪೇರಿ ಅಂಗಡಿಗೆ ಬಂದಾಗ ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ ಇತ್ತು. ನಾನು ಯಾರದೋ ಮಿಕ್ಸರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ. ಅವಳು ಆ ಪೆಟ್ಟಿಗೆಯನ್ನು (ನಮ್ಮೂರಲ್ಲಿ ಕಂಪ್ಯೂಟರಿಗೆಲ್ಲ ಅದೇ ಹೆಸರು) ಮಿಕ್ಸರಿನ ಪಕ್ಕ ಇಟ್ಟು, ಮಾತಿಗೆ ಮೊದಲೇ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿದಳು.

"ಕಾಕಾ, ಇದಕ್ಕ ಬೀಗ ಹಾಕ್ಬೇಕು."

"ಇಡೀ ಡಿಸ್ಕಿಗೋ, ಬರೇ ಫೈಲಿಗೋ?"

"ಫೈಲಿಗೆ ನಾನ ಹಾಕೀನಿ. ಅಷ್ಟ ಸಾಕೋ, ಸಾಲದೋ ಕೇಳಾಕ ಬಂದೀನಿ. ಮೊದಲ ಹೇಳಿಬಿಡ್ತೀನಿ, ನೀ ಊರ ತುಂಬ ಮಾತಾಡು ಮನಷ್ಯಾ. ಇದರಾಗಿಂದು ಒಂದ ಮಾತ ಹೊರಗ ಬಿದ್ರ ನಿನ್ನ ಅಂಗಡಿ ಮುಂದ ಧರಣಿ ಕೂಡ್ತೀನಿ."

ನಾನು ಮಾತಾಡುವ ಮನುಷ್ಯ ಎಂಬುದು ಸುಳ್ಳಲ್ಲ. ಆದರೆ ಅವಳ ಪೆಟ್ಟಿಗೆಯಲ್ಲಿ ಏನಿದೆ ಎಂಬುದು ನನಗೂ ಊರಿಗೂ ಗೊತ್ತಿತ್ತು. ಯಾರಿದ್ದಾರೆ ಎಂಬುದಷ್ಟೇ ಗೊತ್ತಿರಲಿಲ್ಲ. ನೀಲಗಂಗಾ ದವಾಖಾನೆಯ ಆರೋಗ್ಯ ಕಾರ್ಯಕರ್ತೆ. ಕ್ಷಯದ ಗುಳಿಗೆ ಹಂಚುವುದು, ರೋಗಿಗಳು ನುಂಗುವವರೆಗೆ ಎದುರಿಗೆ ನಿಲ್ಲುವುದು, ಯಾರದು ಎಷ್ಟನೇ ತಿಂಗಳು, ಯಾರಿಗೆ ಎಷ್ಟು ಗುಳಿಗೆ, ಯಾರಿಗೆ ಗುಳಿಗೆ ಒಗ್ಗದೆ ವಾಂತಿ, ಎಲ್ಲ ಬರೆದಿಡುವುದು ಅವಳ ಕೆಲಸ. ಒಟ್ಟು ನಲವತ್ತೊಂದು ಜನ. ನಮ್ಮೂರಿನಲ್ಲಿ ಆ ರೋಗಕ್ಕೆ ಹೆದರುವವರಿಗಿಂತ ಅದರ ಹೆಸರಿಗೆ ಹೆದರುವವರು ಹೆಚ್ಚು. ಅವಳು ಯಾರ ಮನೆಯ ಕಟ್ಟೆ ಹತ್ತಿದರೂ ಎದುರುಮನೆಯವರು ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು. ಹಾಗಾಗಿ ಅವಳ ಜನ ಗಿರಣಿಯ ಹಿಂದೆ, ಕೆರೆಯ ಮೆಟ್ಟಿಲ ಮೇಲೆ, ಬಸ್ ಸ್ಟ್ಯಾಂಡಿನ ಮೂತ್ರಾಲಯದ ಗೋಡೆಯ ಪಕ್ಕ ನಿಂತು ಗುಳಿಗೆ ನುಂಗುತ್ತಿದ್ದರು. ಗಿರಣಿಯ ಹತ್ತಿರ ಯಾರಾದರೂ ಪರಿಚಯದವರು ಕಂಡರೆ ಅವತ್ತಿನ ಗುಳಿಗೆ ತಪ್ಪಿತೆಂದೇ ಲೆಕ್ಕ.

ಇನ್ನು ಅಮಾವಾಸ್ಯೆಯ ಮಾತು. ನಮ್ಮೂರಿನಲ್ಲಿ ಅಮಾವಾಸ್ಯೆಯ ಮಧ್ಯಾಹ್ನ, ಊಟವಾಗಿ ಜನ ಅಡ್ಡಾದ ಹೊತ್ತಿಗೆ, ಬರೆದಿಡುವ ಸಾಮಾನೆಲ್ಲ ಮನೆ ಬದಲಿಸುತ್ತದೆ. ಅಜ್ಜಂದಿರ ಕಾಲದಲ್ಲಿ ವಹಿ, ಪಾಟಿ, ಕಾಗದದ ಟ್ರಂಕು ಹೋಗುತ್ತಿದ್ದವು. ಈಗ ಕಂಪ್ಯೂಟರುಗಳು ಹೋಗುತ್ತವೆ. ಎದ್ದು ನೋಡಿದರೆ ನಿಮ್ಮ ಮೇಜಿನ ಮೇಲೆ ಬೇರೆ ಯಾರದೋ ಪೆಟ್ಟಿಗೆ ಇರುತ್ತದೆ, ನಿಮ್ಮದು ಇನ್ನೆಲ್ಲೋ. ಮೂರು ದಿನ ಅದು ಆ ಮನೆಯ ನೆಂಟ. ಮನೆಯವರು ಅದಕ್ಕೆ ದಿನಾ ಏನಾದರೂ ಕೆಲಸ ಕೊಡಬೇಕು, ನಾಲ್ಕು ಸಾಲು ಬರೆಯಬೇಕು, ಇಲ್ಲವೇ ಒಂದಾಟ ಇಸ್ಪೀಟಾದರೂ ಆಡಬೇಕು. ಕೆಲಸ ಸಿಕ್ಕಿದ ಪೆಟ್ಟಿಗೆ ನಾಲ್ಕನೇ ದಿನ ತನ್ನ ಮನೆಗೆ ಬರುತ್ತದೆ. ಒಂದು ದಿನ ಕೆಲಸ ಸಿಗದಿದ್ದರೂ ಬರುವುದಿಲ್ಲ. ಮರುದಿನ ಮಧ್ಯಾಹ್ನ ಇನ್ನೊಂದು ಮನೆಗೆ, ಅದರ ಮರುದಿನ ಮತ್ತೊಂದಕ್ಕೆ, ಹೀಗೆ ಅಲೆಯುತ್ತಲೇ ಇರುತ್ತದೆ. ಪೆಟ್ಟಿಗೆಯ ಒಡೆಯರು ಮಾತ್ರ ಅದು ಇಳಿದುಕೊಂಡ ಮನೆಯ ಹೊಸ್ತಿಲು ದಾಟಬಾರದು. ಅವರು ಮಾಡಿದ ಕೆಲಸ ಲೆಕ್ಕಕ್ಕೂ ಬರುವುದಿಲ್ಲ.

ಜನ ಇದಕ್ಕೆ ಎಂದೋ ಒಗ್ಗಿಹೋಗಿದ್ದಾರೆ. ಪ್ರತಿ ಪೆಟ್ಟಿಗೆಯಲ್ಲೂ 'ಬಂದವರಿಗೆ' ಎಂಬ ಫೋಲ್ಡರು ಇರುತ್ತದೆ. ಅದರಲ್ಲಿ ಹಾಡು, ಆಟ, ಹೆಸರು ತುಂಬಿಸಿಕೊಳ್ಳಲು ಮದುವೆ ಕರೆಯೋಲೆಯ ಮಾದರಿ. ತಹಸೀಲ್ದಾರ ಕಚೇರಿಯ ಗುಮಾಸ್ತನ ಪೆಟ್ಟಿಗೆ ಒಮ್ಮೆ ತಿರುಗಿ ಬಂದಾಗ ಯಾರೋ ಅದರಲ್ಲಿದ್ದ ಅವನ ರಾಜೀನಾಮೆ ಪತ್ರದ ತಪ್ಪು ತಿದ್ದಿಟ್ಟಿದ್ದರು. ನನ್ನದರಲ್ಲಿ ಇಸ್ಪೀಟಿನ ಹನ್ನೊಂದು ವರ್ಷದ ದಾಖಲೆ ಮುರಿದುಹೋಗಿತ್ತು. ಆ ಕಳ್ಳನನ್ನು ಇನ್ನೂ ಹುಡುಕುತ್ತಿದ್ದೇನೆ. ಫೋನಿನ ಟವರ್ ನಿಲ್ಲಿಸಲು ಕಂಪನಿಯವರು ನಾಲ್ಕು ಸಲ ಬಂದರು. ಅದು ನಿಲ್ಲಲಿಲ್ಲ, ಅವರೂ ನಿಲ್ಲಲಿಲ್ಲ. ಹಾಗಾಗಿ ಇಂಟರ್ನೆಟ್ಟಿನಲ್ಲಿ ಬೇರೆ ಕಡೆ ಕಳಿಸಿಡುವ ಮಾತೂ ಇಲ್ಲ. ಪೆನ್‌ಡ್ರೈವ್‌ನಲ್ಲಿ ನಕಲಿಟ್ಟರೆ ಅದೂ ಹೋಗುತ್ತದೆ, ಚಿಕ್ಕದಾದ್ದರಿಂದ ಬರುವಾಗ ದಾರಿ ತಪ್ಪುತ್ತದೆ. ನೆನಪಿನಲ್ಲೇ ಇಟ್ಟುಕೊಳ್ಳೋಣವೆಂದು ನೀಲಗಂಗಾ ಒಂದು ತಿಂಗಳು ನೋಡಿದಳು. ಇಬ್ಬರ ಗುಳಿಗೆ ಅದಲುಬದಲಾಯಿತು. ಆಮೇಲೆ ಆ ಹುಚ್ಚು ಬಿಟ್ಟಳು.

"ಇಷ್ಟ ದಿನಾ ನಡದಿತ್ತಲ್ಲ? ಈಗೇನಾತು?" ಎಂದೆ.

ಕಾರಣ ಮಹಾನಂದಾ ಎಂಬ ಹುಡುಗಿ. ಇಪ್ಪತ್ತೆರಡು ವಯಸ್ಸು, ಹೊಲಿಗೆ ಕಲಿಸುತ್ತಾಳೆ. ಈಗ ಅವಳ ಹೆಸರನ್ನು ನಾನು ಹೇಳುತ್ತಿರುವುದು ಅವಳೇ ಒಪ್ಪಿದ ಮೇಲೆ. ಆಗ ನೀಲಗಂಗಾ ನನ್ನೆದುರು 'ಒಂದು ಹುಡುಗಿ' ಎಂದಷ್ಟೇ ಹೇಳಿದ್ದಳು. ಗುಳಿಗೆಯ ಎರಡನೇ ತಿಂಗಳು. ಮನೆಯಲ್ಲಿ ಗಂಡು ನೋಡಿದ್ದರು. ಕೆರೆಯ ಮೆಟ್ಟಿಲ ಮೇಲೆ ಗುಳಿಗೆ ಅಂಗೈಯಲ್ಲಿ ಹಿಡಿದುಕೊಂಡು ಅವಳು ಹೇಳಿದ್ದಳಂತೆ: "ಅಕ್ಕಾ, ಹುಡುಗಗ ನಾನ ಹೇಳ್ತೀನಿ, ಆರಾಮಾದ ಮ್ಯಾಲ, ನನ್ನ ಬಾಯಿಲೆ. ಅದಕ್ಕೂ ಮೊದಲ ಬ್ಯಾರೆದವರ ಬಾಯಿಂದ ಹೋತಂದ್ರ ನಾ ಈ ಗುಳಿಗಿ ಮುಟ್ಟೂದಿಲ್ಲ. ಕೆರಿಗೆ ಒಗೀತೀನಿ." ಗುಳಿಗೆ ಅರ್ಧಕ್ಕೆ ಬಿಟ್ಟವರು ಏನಾಗುತ್ತಾರೆಂದು ನೀಲಗಂಗಾ ನೋಡಿದ್ದಾಳೆ. ಹೋದ ವರ್ಷ ಇಬ್ಬರನ್ನು ಮಸಣಕ್ಕೆ ಕಳಿಸಿಕೊಟ್ಟಿದ್ದಾಳೆ.

"ಆಕಿ ಅಂದಂಗ ಮಾಡು ಪೈಕಿ, ಕಾಕಾ. ಹಟಮಾರಿ."

"ನಿನ್ನಂಗ," ಎಂದೆ. ಪೆಟ್ಟಿಗೆ ತೆರೆದೆ. ಅವಳ ಫೈಲು ಮೇಲೆಯೇ ಇತ್ತು, ಬೀಗ ಹಾಕಿದ್ದು. ಒತ್ತಿದರೆ ಪಾಸ್‌ವರ್ಡು ಕೇಳಿತು. ಅವಳು ಹೆಮ್ಮೆಯಿಂದ ನೋಡಿದಳು. ಅವಳು ಹಾಕಿದ್ದು ಆಟಿಕೆಯ ಬೀಗವೇನಲ್ಲ, ಒಳ್ಳೆಯ ಎನ್‌ಕ್ರಿಪ್ಶನ್ನೇ. ಆದರೆ ಅವಳು ಬೀಗ ಹಾಕಿದ್ದು ಒಂದು ಟ್ರಂಕಿಗೆ, ಮನೆಗಲ್ಲ. ಮನೆ ತುಂಬ ಅದರ ಬಟ್ಟೆ ಬಿದ್ದಿತ್ತು. ಫೈಲಿನ ಹೆಸರೇ 'ಗುಳಿಗೆ ಯಾರ್ಯಾರಿಗೆ'. ಕರೆಂಟು ಹೋದರೆ ಇರಲಿ ಎಂದು ಬರೆಯುವ ಪ್ರೋಗ್ರಾಮು ತಾನೇ ಮಾಡಿಟ್ಟುಕೊಳ್ಳುವ ನಕಲು ಮೂಲೆಯ ಒಂದು ಫೋಲ್ಡರಿನಲ್ಲಿ ಬೀಗವಿಲ್ಲದೆ ಬಿದ್ದಿತ್ತು. ಮೂರು ನಿಮಿಷವೂ ಹಿಡಿಯಲಿಲ್ಲ. ಒತ್ತಿದೆ, ತೆರೆಯಿತು.

ನಾನು ಕೂಡಲೇ ಮುಖ ತಿರುಗಿಸಿದೆ. ಆದರೂ ಒಂದು ಹೆಸರು ಕಣ್ಣಿಗೆ ಬಿತ್ತು. ನನಗೆ ಬೇಕಾದವರದು, ದಿನಾ ನನ್ನ ಜೊತೆ ಚಹಾ ಕುಡಿಯುವವರದು. ಈ ಬಾಯಿಂದ ಏನೇನೋ ಬಿದ್ದಿದೆ. ಆ ಹೆಸರು ಬಿದ್ದಿಲ್ಲ, ಈಗಲೂ ಬೀಳುವುದಿಲ್ಲ.

ನೀಲಗಂಗಾ ಸ್ಟೂಲಿನ ಮೇಲೆ ಕೂತುಬಿಟ್ಟಳು. "ಇಷ್ಟ ದಿನಾ ಹಿಂಗ ಬಿದ್ದಿತ್ತೇನು? ಹತ್ತ ಮನಿ ತಿರಗಿ ಬಂದೈತಲ್ಲೋ ಕಾಕಾ ಇದು."

"ಯಾರೂ ಮೂಲಿ ಕೆದರಿಲ್ಲ, ನಿನ್ನ ಪುಣ್ಯ. ಇದನ್ನ ಅಳಿಸಿದ್ರ ಇನ್ನೊಂದ ಕಡೆ ಇನ್ನೊಂದ ನಕಲ ಇರ್ತೈತಿ. ಪ್ರಿಂಟ್ ತಗಸಿದ್ದಿ? ಅದರದೊಂದು. ನಾನ ಎಲ್ಲಾ ಹುಡುಕಿ ಅಳಿಸೀನಂತ ಆಣಿ ಮಾಡಾಕ ತಯಾರಿಲ್ಲ. ಇಡೀ ಡಿಸ್ಕಿಗೆ ಹಾಕಿದ್ರ ಈ ಕಾಟ ಇಲ್ಲ. ನಕಲು, ಚೂರು, ಚಿಂದಿ, ಎಲ್ಲಾ ಒಳಗ. ಪಾಸ್‌ವರ್ಡ್ ಇಲ್ದ ಪೆಟ್ಟಿಗಿ ಅಂದ್ರ ಬರೇ ಕಲ್ಲು."

"ಕಲ್ಲಿಗೆ ಯಾರ ಕೆಲಸಾ ಕೊಡ್ತಾರ? ಇಸ್ಪೀಟ ಸೈತ ಆಡಾಕ ಬರೂದಿಲ್ಲ. ಮನಿಗೆ ತಿರಗಿ ಬರೂದಿಲ್ಲಲ್ಲ ಅದು?"

"ಬರೂದಿಲ್ಲ. ಮನಿ ಮನಿ ಅಲೀತೈತಿ. ಅದಕ್ಕ ನಮ್ಮೂರಾಗ ಯಾರೂ ಡಿಸ್ಕಿಗೆ ಹಾಕ್ಸೂದಿಲ್ಲ. ಇನ್ನ ಪಾಸ್‌ವರ್ಡ್ ಮರತ್ರಂತೂ ಗುಳಿಗಿದು, ತಾರೀಕಿಂದು, ಎಲ್ಲಾ ಗೋವಿಂದ. ನನ್ನ ಕೈಲೂ ಆಗೂದಿಲ್ಲ, ನನ್ನ ಗುರುವಿನ ಕೈಲೂ ಆಗೂದಿಲ್ಲ."

ನೀಲಗಂಗಾ ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡಳು. ಅವಳು ಸೆರಗು ಸಿಕ್ಕಿಸಿಕೊಂಡರೆ ಮಾತು ಮುಗಿಯಿತೆಂದೇ ಅರ್ಥ. ದವಾಖಾನೆಯ ಡಾಕ್ಟರೂ ಅದಕ್ಕೆ ಹೆದರುತ್ತಾರೆ.

"ಅಲೀಲಿ. ಊರ ಬಿಟ್ಟಂತೂ ಹೋಗೂದಿಲ್ಲಲ್ಲ? ನನಗ ಕಾಲದಾವು. ಇಡೀದಕ್ಕ ಹಾಕು."

ಹಾಕಿದೆ. ಏಳು ಶಬ್ದದ ಪಾಸ್‌ವರ್ಡು ಕಟ್ಟಿಕೊಳ್ಳಲು ಹೇಳಿ ಬೆನ್ನು ತಿರುಗಿಸಿ ನಿಂತೆ. ಅವಳು ಬಾಯಿಪಾಠ ಮಾಡುವ ಮಗುವಿನ ಹಾಗೆ ತುಟಿ ಅಲ್ಲಾಡಿಸುತ್ತ ಎಂಟು ದಿನವೂ ಊರಲ್ಲಿ ಓಡಾಡಿದಳು. ಅವಳು ಜಪ ಹಿಡಿದಿದ್ದಾಳೆ ಎಂದು ಜನ ಮಾತಾಡಿಕೊಂಡರು.

ಒಂದು ಮಾತು ಹೇಳುವುದನ್ನು ಮಾತ್ರ ನಾನು ಮರೆತೆ. ಮರೆತೆ ಎನ್ನುವುದೂ ಸರಿಯಲ್ಲ, ನಮ್ಮೂರಿನವನಾದ್ದರಿಂದ ಅದು ನನ್ನ ತಲೆಗೇ ಬರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ನೀಲಗಂಗಾ ಮೂರು ಜನರ ಗುಳಿಗೆಯ ವಿವರ ಬರೆದು ಮುಗಿಸಿದಳು. ಅಷ್ಟರಲ್ಲಿ ಅತ್ತೆ ಗೌರವ್ವ ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದಳು. ನಮ್ಮಲ್ಲಿ ಪೆಟ್ಟಿಗೆಯ ದೀಪ ಆರಿಸಿ, ಅಂದರೆ ಪೂರ್ತಿ ಬಂದ್ ಮಾಡಿ, ಕಳಿಸುವುದಿಲ್ಲ. ಮನೆಯ ಹೆಣ್ಣುಮಗಳನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ ಹಾಗೆ ಅದು. ಅಂಚಿನ ಆ ಸಾಸಿವೆ ಕಾಳಿನಷ್ಟು ದೀಪ ಉರಿಯುತ್ತಿರಬೇಕು, ಮುಚ್ಚಳ ಮುಚ್ಚಿರಬೇಕು, ತೆರೆದವರನ್ನು ಅದು ಏನೂ ಕೇಳಬಾರದು. ಮುಚ್ಚಳ ತೆರೆದಾಗ ಪಾಸ್‌ವರ್ಡು ಕೇಳುವ ಏರ್ಪಾಡನ್ನು ಊರಿನ ಪೆಟ್ಟಿಗೆಗಳಲ್ಲೆಲ್ಲ ನಾನೇ ತೆಗೆದುಹಾಕಿದ್ದೇನೆ. ಬಂದವರನ್ನು 'ಯಾರು ನೀವು' ಎಂದು ಕೇಳುವುದು ಅಸಹ್ಯವಲ್ಲವೇ? ಗೌರವ್ವ ಕುಂಕುಮ ಇಟ್ಟಳು, ಸೊಸೆ ಮುಚ್ಚಳ ಮುಚ್ಚಿದಳು, ದೀಪ ಉರಿಯುತ್ತಿತ್ತು. ಊಟ ಮಾಡಿ ಅಡ್ಡಾದರು.

ಮಧ್ಯಾಹ್ನ ನನ್ನ ಅಂಗಡಿಗೆ ಬಂದಿದ್ದು ಯಾರದೋ ಕೆಂಪು ಲ್ಯಾಪ್‌ಟಾಪು. ಕೆಲಸ ಕೊಡೋಣವೆಂದು ಮುಚ್ಚಳ ಎತ್ತಿದೆ. ಅರ್ಧಕ್ಕೆ ನಿಂತಿದ್ದ ತತ್ವಪದ ಅಲ್ಲಿಂದಲೇ ಮುಂದುವರಿಯಿತು. ಒಂದು ಮಾತು ಕೇಳಲಿಲ್ಲ, ತಡೆಯಲಿಲ್ಲ. ಆಗ ಹೊಳೆಯಿತು. ಡಿಸ್ಕಿನ ಬೀಗ ಬೀಳುವುದು ಪೆಟ್ಟಿಗೆ ಪೂರ್ತಿ ಆರಿದಾಗ. ಉರಿಯುತ್ತಿರುವ ಪೆಟ್ಟಿಗೆಯ ಬೀಗ ತೆರೆದೇ ಇರುತ್ತದೆ.

ಚಪ್ಪಲಿ ಬಿಟ್ಟೇ ಓಡಿದೆ. ನೀಲಗಂಗಾ ಪಾತ್ರೆ ತಿಕ್ಕುತ್ತಿದ್ದಳು.

"ನೀಲಾ, ಆರಿಸಿ ಕಳಿಸಿಯೋ, ಉರಿಸಿ ಕಳಿಸಿಯೋ?"

"ಆರಿಸಿ ಯಾರ ಕಳಸ್ತಾರ ಕಾಕಾ?"

ನಾನು ಹೇಳಿದೆ. ಅವಳು ತಾಟು ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡು, "ನಡೀ, ಹುಡುಕೂಣು," ಎಂದಳಷ್ಟೆ.

ತನ್ನ ಪೆಟ್ಟಿಗೆ ಎಲ್ಲಿದೆ ಎಂದು ಹುಡುಕಿಕೊಂಡು ಹೋಗುವುದು ನಮ್ಮೂರಿನಲ್ಲಿ ಯಾರೂ ಮಾಡದ ಕೆಲಸ. ನಾವು ಮಾಡಿದೆವು. ಕಿಟಕಿ ಕಿಟಕಿ ಇಣುಕಿದೆವು. ಕಂಬಾರ ಓಣಿಯಲ್ಲಿ ನಾಯಿ ಬೆನ್ನಟ್ಟಿತು. "ಮುದುಕಾ, ಈ ವಯಸ್ಸಿನ್ಯಾಗ ಇಣಿಕಿ ನೋಡ್ತಿ, ನಾಚಿಗಿ ಬರೂದಿಲ್ಲೇನು?" ಎಂದು ಒಬ್ಬಳು ನೀರು ಎರಚಿದಳು. ಇಪ್ಪತ್ಮೂರು ಮನೆಯಾಯಿತು. ಇಪ್ಪತ್ನಾಲ್ಕನೆಯದು ತುಂಗವ್ವನದು. ಆ ಕಿಟಕಿಯಲ್ಲಿ ಇಣುಕಿದ ನೀಲಗಂಗಾ ಬಾಗಿಲ ಕಡೆಗೆ ಓಡಿದಳು.

ತುಂಗವ್ವ ಎಂದರೆ ಊರಿನ ಅರ್ಧ ಮದುವೆ ಕೂಡಿಸಿದವಳು. ಮಹಾನಂದಾಳಿಗೆ ಗಂಡು ತಂದಿದ್ದೂ ಅವಳೇ. ಎಪ್ಪತ್ತು ವರ್ಷ, ಮೂಗಿನ ತುದಿಗೆ ಕನ್ನಡಕ, ಯಾರ ಮನೆಯ ಹುಡುಗಿ ಸೀನಿದರೂ ಅವಳಿಗೆ ಸುದ್ದಿ. ಹೊಸ್ತಿಲ ಒಳಗೆ ಚಾಪೆ ಹಾಸಿಕೊಂಡು, ನೀಲಗಂಗಾಳ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ತೆರೆ ಬೆಳಗುತ್ತಿತ್ತು.

"ಬಾರವಾ ನೀಲಾ. ನಿಂದೇನಿದು? 'ಬಂದವರಿಗೆ' ಅನ್ನೂದು ಎಲ್ಲಿಟ್ಟಿ? ಇಲ್ಲಿ ಬರೇ ಗುಳಿಗಿ ಗುಳಿಗಿ ಅಂತೈತಿ. ಒಂದ ಹುಡುಗನ ವಿವರ ಬರಿಯೂದಿತ್ತು," ಎಂದು ಬೆರಳನ್ನು ಆ ಫೈಲಿನ ಕಡೆಗೆ ಸರಿಸಿದಳು. ಫೈಲಿನ ಬೀಗ ಮೊದಲಿನಂತೆ ಇದ್ದಿದ್ದರೆ ಅದಾದರೂ ತಡೆಯುತ್ತಿತ್ತು. ಇಡೀ ಡಿಸ್ಕಿಗೆ ಬೀಗ ಬಿತ್ತಲ್ಲ ಎಂದು ಫೈಲಿನ ಬೀಗವನ್ನು ನಾನೇ ಅವಳಿಂದ ತೆಗೆಸಿದ್ದೆ. ಎರಡೆರಡು ಯಾಕೆ ಎಂದು. ನನ್ನ ಜಾಣತನ!

"ಚಿಗವ್ವಾ, ಕೈ ತಗೀ," ಎಂದಳು ನೀಲಗಂಗಾ.

ಆ ದನಿಗೆ ತುಂಗವ್ವನ ಬೆರಳು ನಿಂತಿತು. ನೀಲಗಂಗಾ ಹೊಸ್ತಿಲು ದಾಟಲಿಲ್ಲ. ಹೊರಗೇ ಮಂಡಿಯೂರಿ, ಒಳಕ್ಕೆ ಕೈ ಚಾಚಿ, ಪೆಟ್ಟಿಗೆಯ ಗುಂಡಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. ಒಂದು, ಎರಡು, ಮೂರು ಎಂದು ನಾನು ಮನಸ್ಸಿನಲ್ಲಿ ಎಣಿಸಿದೆ. ಐದಕ್ಕೆ ತೆರೆ ಕಪ್ಪಾಯಿತು, ದೀಪ ಆರಿತು.

"ಅಯ್ಯ ನಿನ್ನ! ನನ್ನ ಮನ್ಯಾಗ ಬಂದ ಪೆಟ್ಟಿಗಿ ದೀಪಾ ಆರಿಸಿದೆಲ್ಲ! ಅಮಾಸಿ ದಿನಾ! ಗಂಡಸರ ಹಂಗ ನಡುರಸ್ತೇದಾಗ ನಿಂತ ಬೈಲೇನು?"

"ಬೈ. ಬೈದು ಮುಗಸು, ಆಮ್ಯಾಲ ಹೇಳ್ತೀನಿ."

ಬೈದಳು, ನನ್ನನ್ನೂ ಸೇರಿಸಿ. ಮುಗಿದ ಮೇಲೆ ನೀಲಗಂಗಾ ಹೇಳಿದಳು: ಒಳಗೆ ನಲವತ್ತೊಂದು ಹೆಸರಿದೆ, ತೋರಿಸುವುದಿಲ್ಲವೆಂದು ಎಲ್ಲರಿಗೂ ಮಾತು ಕೊಟ್ಟಿದ್ದೇನೆ ಎಂದು. ತುಂಗವ್ವ ಕನ್ನಡಕ ತೆಗೆದಳು. ಈಗ ದನಿ ಇಳಿದಿತ್ತು.

"ನಾ ನೋಡಿಲ್ಲವಾ. ನೋಡೂದೂ ಇಲ್ಲ. ದೀಪಾ ಹಚ್ಚಿ ಕೊಡು, ಮೂರ ದಿನಾ ಬರೇ ಇಸ್ಪೀಟ ಆಡ್ತೀನಿ, ನಾಕನೇ ದಿನಾ ನಿನ್ನ ಮನಿಗೆ ಬರ್ತೈತಿ. ನನ್ನ ಮಗನ ಆಣಿ. ನಂಬೂದಿಲ್ಲೇನು ನನ್ನ?"

ನನಗೆ ಆ ಮಾತು ಸರಿ ಎನಿಸಿತು. ಸುಮ್ಮನೆ ಹೂ ಎನ್ನು ಎಂದು ನೀಲಗಂಗಾಳಿಗೆ ಕಣ್ಣಲ್ಲೇ ಹೇಳಿದೆ. ಪೆಟ್ಟಿಗೆ ಮನೆಗೆ ಬರುತ್ತದೆ, ಊರಿನ ರೀತಿ ಉಳಿಯುತ್ತದೆ, ಮುದುಕಿಯ ಮನಸ್ಸೂ ಉಳಿಯುತ್ತದೆ.

"ನಂಬತೀನಿ ಚಿಗವ್ವಾ. ನಿನ್ನ ಮ್ಯಾಲ ಸಂಶೇ ಇಲ್ಲ. ಆದ್ರ ಆ ಹೆಸರು ನನ್ನೂವಲ್ಲ, ನಂಬಿ ಕೊಡಾಕ. ಅವರು ನನ್ನ ನಂಬ್ಯಾರ, ನಿನ್ನ ಅಲ್ಲ. ಆರಿದ್ದ ಇರ್ಲಿ."

"ಹಂಗಾರ ಇದು ಮನಿಗೆ ಬರೂದಿಲ್ಲ."

"ಬರೂದು ಬ್ಯಾಡ. ನಾಳಿ ಮುಂಜಾನೆ ನಾನ ಬರ್ತೀನಿ. ಕಟ್ಟಿ ಮ್ಯಾಲ ತಂದಿಡು. ಯಾರ್ಯಾರಿಗೆ ಎಷ್ಟು ಅಂತ ನೋಡ್ಕೊಂಡು, ಬರದು, ಆರಿಸಿ, ನಿನ್ನ ಕೈಯಾಗ ಕೊಟ್ಟ ಹೋಗ್ತೀನಿ."

ತುಂಗವ್ವ ನನ್ನ ಕಡೆ ತಿರುಗಿದಳು. "ಏ ಮುದುಕಾ, ಹಿಂಗ ಮಾಡಬೋದೇನು?"

"ಕಟ್ಟಿ ಹೊಸ್ತಿಲಿನ ಹೊರಗ ಐತಿ," ಎಂದೆ. ಅವತ್ತು ನಾನು ಆಡಿದ ಉಪಯೋಗದ ಮಾತು ಅದೊಂದೇ.

ಹಾಗೆ ಶುರುವಾಯಿತು. ಮರುದಿನ ಬೆಳಿಗ್ಗೆ ನೀಲಗಂಗಾ ತುಂಗವ್ವನ ಕಟ್ಟೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತು, ಏಳು ಶಬ್ದ ಒತ್ತಿ, ಬರೆದು, ಪೂರ್ತಿ ಆರಿಸಿ, ವಾಪಸು ಕೊಟ್ಟಳು. ಮಧ್ಯಾಹ್ನ ಪೆಟ್ಟಿಗೆ ಅಲ್ಲಿಂದ ಹೊರಟಿತು. ನೇಕಾರ ಓಣಿ, ಆಮೇಲೆ ಹಳೇ ಕೋರ್ಟಿನ ಹಿಂದೆ, ಆಮೇಲೆ ಬಳೆಗಾರರ ಮನೆ. ಅವಳು ದಿನಾ ಬೆಳಿಗ್ಗೆ ಚಾರ್ಜರಿನ ಚೀಲ ಹೆಗಲಿಗೆ ಹಾಕಿಕೊಂಡು ಮನೆ ಮನೆ ಕೇಳುತ್ತ ಹೋಗುತ್ತಿದ್ದಳು: "ನಮ್ಮದೊಂದು ಆರಿದ ಪೆಟ್ಟಿಗಿ ಬಂದೈತೇನ್ರಿ?" ಮೊದಮೊದಲು ಜನ ಬಾಗಿಲು ಹಾಕಿಕೊಂಡರು. ಆರಿದ ಪೆಟ್ಟಿಗೆ ಕೆಟ್ಟದ್ದು ಎಂದು ಒಬ್ಬರು ಅದನ್ನು ದನದ ಕೊಟ್ಟಿಗೆಯಲ್ಲಿ ಇಟ್ಟರು. ಅವಳು ಕೊಟ್ಟಿಗೆಯ ಹೊರಗೆ ಸಗಣಿಯಲ್ಲೇ ಕೂತು ಬರೆದಳು. ಗೌರವ್ವ ಹದಿನೈದು ದಿನ ಸೊಸೆಯ ಜೊತೆ ಮಾತು ಬಿಟ್ಟಳು. ಮಳೆ ಬಂದ ದಿನ ನಾನು ಕೊಡೆ ಹಿಡಿದುಕೊಂಡು ನಿಂತೆ, ಮುಖ ಆಚೆ ತಿರುಗಿಸಿಕೊಂಡು. ಅವಳು ಒಂದು ದಿನವೂ ತಪ್ಪಿಸಲಿಲ್ಲ. "ಮತ್ತ ಫೈಲಿಗಷ್ಟ ಹಾಕಿಕೊಡ್ಲೇನವಾ, ನಿನ್ನ ಕಾಲ ನೋಡಾಕಾಗವಲ್ದು," ಎಂದೆ ಒಮ್ಮೆ. "ಕಾಲ ನಂದು," ಎಂದಳು.

ಎರಡು ತಿಂಗಳಿಗೆ ಊರು ಒಗ್ಗಿತು. ನಮ್ಮೂರು ಎಲ್ಲಕ್ಕೂ ಒಗ್ಗುತ್ತದೆ. ಅವಳು ಬರುವುದನ್ನು ಕಂಡರೆ ಚಹಾಕ್ಕೆ ಇಡುವವರಿದ್ದರು. ಅವಳು ಹತ್ತದ ಕಟ್ಟೆ ಊರಿನಲ್ಲಿ ಉಳಿಯಲಿಲ್ಲ. ಎದುರುಮನೆಯವರು ಸೌಟು ಹಿಡಿದುಕೊಂಡು ಹೊರಗೆ ಬರುವುದನ್ನು ಯಾವಾಗ ಬಿಟ್ಟರೋ ಯಾರಿಗೂ ತಿಳಿಯಲಿಲ್ಲ. ಯಾವ ಮನೆಯನ್ನೆಂದು ನೋಡುತ್ತಾರೆ? ಗಿರಣಿಯ ಹಿಂದೆ, ಕೆರೆಯ ಮೆಟ್ಟಿಲ ಮೇಲೆ ಈಗ ಯಾರೂ ನಿಲ್ಲುವುದಿಲ್ಲ, ಗುಳಿಗೆ ಮನೆಯಲ್ಲೇ ನುಂಗುತ್ತಾರೆ.

ಮಹಾನಂದಾಳ ಆರನೇ ತಿಂಗಳು ಮುಗಿಯುವ ದಿನ. ಪೆಟ್ಟಿಗೆ ಅವತ್ತು ಊರಿನ ಆ ತುದಿಗೆ, ಹಂಚಿನ ಕಾರ್ಖಾನೆಯ ಕಾವಲುಗಾರನ ಮನೆಯಲ್ಲಿತ್ತು. ನೀಲಗಂಗಾ ಅಲ್ಲಿ ಬರೆದು ಮುಗಿಸಿ ನೇರವಾಗಿ ಮಹಾನಂದಾಳ ಓಣಿಗೆ ಬಂದಳು. ಹೆಗಲಿಗೆ ಅದೇ ಚೀಲ, ಚೀಲದಲ್ಲಿ ಚಾರ್ಜರಿನ ಕೆಳಗೆ ಕೊನೆಯ ಗುಳಿಗೆ. ಮನೆಯ ಕಟ್ಟೆಯ ಮೇಲೆ ಗಂಡಿನ ತಂದೆ ಕೂತಿದ್ದರು, ದಿನ ಗೊತ್ತು ಮಾಡಲು ಬಂದವರು. ಪಕ್ಕದಲ್ಲಿ ತುಂಗವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹುಡುಗಿ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ನೀಲಗಂಗಾಳನ್ನು ಕಂಡದ್ದೇ ಒಳಕ್ಕೆ ಸರಿದಳು.

ಗಂಡಿನ ತಂದೆ ತಲೆ ಎತ್ತಿ ನೋಡಿದರು. "ಏನವಾ, ಇವತ್ತ ಪೆಟ್ಟಿಗಿ ಈ ಮನಿಗೆ ಬಂದೈತೇನು?"

"ಹೂನ್ರಿ ಮಾವಾರ, ಬಂದೈತಿ," ಎಂದಳು ನೀಲಗಂಗಾ.

"ಬರ್ಲಿ, ಬರ್ಲಿ. ನಮ್ಮ ಮನಿಗೂ ಬಂದಿತ್ತು ಮೊನ್ನೆ," ಎಂದು ಅವರು ಕಾಲು ಮಡಚಿಕೊಂಡು ಅವಳಿಗೆ ದಾರಿ ಬಿಟ್ಟು, ಮತ್ತೆ ಪಂಚಾಂಗದ ಕಡೆ ತಿರುಗಿದರು. ತುಂಗವ್ವ ಎಲೆಯಿಂದ ಕಣ್ಣೆತ್ತಲಿಲ್ಲ. ಪೆಟ್ಟಿಗೆ ನಿಜವಾಗಿ ಅಲ್ಲಿರಲಿಲ್ಲವಲ್ಲ, ನೀಲಗಂಗಾ ಹೊಸ್ತಿಲು ದಾಟಿ ಒಳಗೆ ಹೋದಳು, ಹುಡುಗಿಯ ಕೈಯಿಂದ ತಟ್ಟೆ ತೆಗೆದು ಕೆಳಗಿಟ್ಟಳು, ಆ ಖಾಲಿ ಅಂಗೈಯಲ್ಲಿ ಗುಳಿಗೆ ಇಟ್ಟು, ನುಂಗುವವರೆಗೆ ಎದುರಿಗೇ ನಿಂತಳು.